ಕೇಸರ ಬಾರದ ಇಬ್ಬರು

ತಪ್ಪು ಪರ್ಸಲೋಯನ ನಾಲಿಗೆಯದೇ. ಸಂತೆಯ ದಿನ ಚಹಾದಂಗಡಿಯಲ್ಲಿ, ತಾನು ಮೂರು ವರ್ಷದಿಂದ ಹೆಜ್ಜೆ ಹಿಡಿದು ಕಾಯುತ್ತಿದ್ದ ಸಿಂಹದ ಗುಂಪಿನ ಸುದ್ದಿ ಹೇಳುತ್ತ, ಹೆಮ್ಮೆ ತಡೆಯಲಾರದೆ, "ನಮ್ಮ ಓರೋಕ್, ಓಲೋಯ್ಬೋರ್ ಇಬ್ರೂ ಈಗ ಮೊರಾನ್‌ಗಳಪ್ಪ" ಎಂದುಬಿಟ್ಟಿದ್ದ.

ಅವೆರಡೂ ಗುಂಪಿನ ಬೆಳೆದ ಗಂಡುಮರಿಗಳು. ಮುದಿ ಗಂಡು ಅವುಗಳನ್ನು ಬೇಟೆಯ ಹತ್ತಿರ ಸೇರಿಸುತ್ತಿರಲಿಲ್ಲ, ತಾಯಿಯೂ ಗುರ್ರೆನ್ನುತ್ತಿದ್ದಳು. ವಾರದಿಂದ ಅಣ್ಣತಮ್ಮ ಇಬ್ಬರೇ ದೂರದಲ್ಲಿ ಮಲಗುತ್ತಿದ್ದರು. ಅದನ್ನು ಕಂಡೇ ಆ ಮಾತು ಬಾಯಿಗೆ ಬಂದಿತ್ತು. ಮೊರಾನ್ ಎಂದರೆ ಪ್ರಾಯಕ್ಕೆ ಬಂದು ಈಟಿ ಹಿಡಿದ ಯೋಧ. ಮರಿಯನ್ನು ಕೊಂದವನನ್ನು ಯಾರೂ ಮೂಸಿ ನೋಡುವುದಿಲ್ಲ, ಮೊರಾನ್ ಸಿಂಹವನ್ನು ಕೆಡವಿದವನ ಹೆಸರು ಹುಡುಗಿಯರ ಹಾಡಿಗೆ ಸೇರುತ್ತದೆ. ಗೊತ್ತಿದ್ದೂ ಅಂದಿದ್ದ.

ಅದಾದ ಮೂರನೆಯ ಬೆಳಿಗ್ಗೆ ಅವನ ಅಣ್ಣನ ಮಗ ಕೊಯ್ನೆಟ್, ಮೈಗೆ ಕೆಮ್ಮಣ್ಣು ಬಳಿದ ಆರು ಗೆಳೆಯರೊಂದಿಗೆ ಒಣಹೊಳೆಯ ದಂಡೆಯಲ್ಲಿ ಈಟಿ ಮಸೆಯುತ್ತಿದ್ದ. ಕಲ್ಲಿನ ಮೇಲೆ ಕಬ್ಬಿಣ ಉಜ್ಜುವ ಸದ್ದು ಕೇಳಿಯೇ ಪರ್ಸಲೋಯನ ಮೈ ಉರಿಯಿತು. ಎದುರು ನಿಂತು ಬೈದ. ಒಂದು ಕರುವನ್ನೂ ಮುಟ್ಟದ ಪ್ರಾಣಿಗಳ ಮೇಲೆ ಇದೇನು ಎಂದು ಕೇಳಿದ.

ಕೊಯ್ನೆಟ್ ಮಸೆಯುವುದನ್ನು ನಿಲ್ಲಿಸಲಿಲ್ಲ. "ನೀನು ಹೊಡೆದಾಗ ಯಾರಾದ್ರೂ ತಡೆದಿದ್ರಾ, ಚಿಕ್ಕಪ್ಪ?"

ಯಾರೂ ತಡೆದಿರಲಿಲ್ಲ. ಪ್ರಾಯದಲ್ಲಿ ಅವನು ಸಿಂಹ ಕೆಡವಿದಾಗ ಹುಡುಗಿಯರು ಕಟ್ಟಿದ ಹಾಡನ್ನು ಊರು ಇನ್ನೂ ಮರೆತಿರಲಿಲ್ಲ. ಪರ್ಸಲೋಯನಿಗೆ ಈ ಪೋರರ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟೇ ಹೆಚ್ಚಾಗಿತ್ತು. ಅದನ್ನು ನುಂಗಿ ಹೇಳಿದ:

"ಅವು ಮೊರಾನ್ ಅಲ್ಲ. ಲಾಯೋನಿಗಳು."

ಉಜ್ಜುವ ಸದ್ದು ನಿಂತಿತು. ಲಾಯೋನಿ ಎಂದರೆ ಇನ್ನೂ ಸುನ್ನತಿಯ ಕತ್ತಿ ಕಾಣದ ಹುಡುಗ. ಬೆಳೆದ ಗಂಡಸಿಗೆ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ.

"ನನ್ನ ಕಣ್ಣು ಮಂಜಾಗಿದೆ, ಹೆಜ್ಜೆ ತಪ್ಪು ಓದ್ದೆ. ಲಾಯೋನೀನ ಕೊಂದು ಊರಿಗೆ ಹೋಗು, ಹುಡುಗೀರು ಏನು ಹಾಡ್ತಾರೆ ಕೇಳು."

ಒಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ ನಕ್ಕರು. ಇಡೀ ಸೀಮೆಯಲ್ಲಿ ಪರ್ಸಲೋಯನಂತೆ ಹೆಜ್ಜೆ ಓದುವವನಿರಲಿಲ್ಲ, ಅವನ ಬಾಯಲ್ಲೇ ಈ ಮಾತು.

"ಹಾಗಾದ್ರೆ ಕಳೆದ ಹಸು ಹುಡುಕೋಕೆ ಇನ್ಮೇಲೆ ನಿನ್ನ ಕರೆಯೋದು ಬೇಡ ಅನ್ನು," ಎಂದ ಕೊಯ್ನೆಟ್, ಈಟಿ ಒರೆಸುತ್ತ. "ಇರ್ಲಿ. ಕೇಸರ ಬರ್ಲಿ, ಕಾಯ್ತೀವಿ."

ಸಂಜೆಯೊಳಗೆ ತನ್ನ ಕಣ್ಣು ಮಂಜಾದ ಮಾತು ಊರೆಲ್ಲ ಸುತ್ತುತ್ತದೆಂದು ಪರ್ಸಲೋಯನಿಗೆ ಗೊತ್ತಿತ್ತು. ನೆಟ್ಟಗೆ ಹುತ್ತದ ದಿಬ್ಬಕ್ಕೆ ನಡೆದ. ಜಾಲಿಯ ನೆರಳಲ್ಲಿ ಅಣ್ಣತಮ್ಮ ಇಬ್ಬರೂ ಕಾಲು ಚಾಚಿ ಮಲಗಿದ್ದರು, ಊರಿನ ದಿಕ್ಕಿಗೇ. ಓರೋಕನ ಕತ್ತಿನ ಸುತ್ತ, ಹೋದ ತಿಂಗಳು ಇಲ್ಲದ ಕಡುಗಂದು ಕೂದಲು. ಮಂಜಾದ ಕಣ್ಣಿಗೂ ಕಾಣುವಷ್ಟು.

ಪರ್ಸಲೋಯ ಕಲ್ಲೆತ್ತಿ ಬೀಸಿದ. ಇನ್ನೊಂದು ಬೀಸಿದ.

"ಮುಂಡೇವಾ, ಇಷ್ಟು ಅವಸರ ಯಾಕ್ರೋ ನಿಮಗೆ? ಬೆಟ್ಟದ ಕಡೆ ಸಾಯ್ರೋ."

ಓಲೋಯ್ಬೋರ್ ಎದ್ದು ಬೆಟ್ಟದತ್ತ ನಾಲ್ಕು ಹೆಜ್ಜೆ ಹಾಕಿದ. ಓರೋಕ್ ಏಳಲಿಲ್ಲ. ತಲೆಯೆತ್ತಿ, ಈ ಮನುಷ್ಯನನ್ನು ಮರಿಯಾಗಿದ್ದಾಗಿನಿಂದ ಕಂಡ ನಿರಾಳದಲ್ಲಿ ನೋಡಿದ. ಗಾಳಿಗೆ ಅವನ ಕತ್ತಿನ ಕೂದಲು ಅಲ್ಲಾಡಿತು.