ಗಿರ್ಮಿಟ್ ಗಾಡಿಯ ಮುಂದೊಂದು ಗುಂಡಿನ ವಾದ

ಮಗಳು ನೀಲಾ ಪಿಎಸ್ಐ ಆಗಿ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡಂದಿನಿಂದ ಪ್ರಭಾವತಿಯ ಹೊಟ್ಟೆಯಲ್ಲಿ ಎರಡು ಅಂಜಿಕೆಗಳು ಸಂಸಾರ ಹೂಡಿದ್ದವು. ಯಾರಾದರೂ ಮಗಳಿಗೆ ಚಾಕು ಹಾಕಿಬಿಟ್ಟರೆ ಎಂಬುದು ಒಂದು. ಮಗಳೇ ಯಾರಿಗಾದರೂ ಗುಂಡು ಹಾಕಿಬಿಟ್ಟರೆ ಎಂಬುದು ಇನ್ನೊಂದು. ಮೊದಲನೆಯದನ್ನು ಗಂಡ ಉದಯಕುಮಾರನ ಹತ್ತಿರ ಹೇಳಿಕೊಳ್ಳಬಹುದಿತ್ತು, ಹೇಳಿಕೊಂಡೂ ಇದ್ದಳು. ಎರಡನೆಯದನ್ನು ಯಾರಿಗೆ ಹೇಳುವುದು? ಹಾಲು ಕಾಯಿಸುವಾಗ, ಬಟ್ಟೆ ಹಿಂಡುವಾಗ ಅದು ಸುಮ್ಮನೆ ಪಕ್ಕದಲ್ಲಿ ಬಂದು ನಿಲ್ಲುತ್ತಿತ್ತು.

ಅವರು ಬೈರಿದೇವರಕೊಪ್ಪಕ್ಕೆ ಮನೆ ಬದಲಿಸಿ ಬಹಳ ದಿನವಾಗಿರಲಿಲ್ಲ. ನಸುಕಿನಲ್ಲಿ ಹೋಗಿ ಕತ್ತಲಾದ ಮೇಲೆ ಬರುವ ನೀಲಾಗೆ ಓಣಿಯ ಮಂದಿಯ ಮುಖ ಗೊತ್ತಿರಲಿಲ್ಲ, ಓಣಿಯವರಿಗೆ ಅವಳ ಮುಖ ಗೊತ್ತಿರಲಿಲ್ಲ. ಆದರೆ ಮೂಲೆಯಲ್ಲಿ ಗಾಡಿ ಇಟ್ಟ ಗಿರಿಯಪ್ಪನ ಮಂಡಕ್ಕಿ ಗಿರ್ಮಿಟ್ಟಿನ ರುಚಿ ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪ್ರಭಾವತಿ ಆಗಾಗ ಕಟ್ಟಿಸಿಕೊಂಡು ಹೋಗುತ್ತಿದ್ದಳು.

ಆ ಸಂಜೆಯೂ ಹಾಗೆಯೇ ಹೋದಾಗ ಗಾಡಿಯ ಮುಂದೆ ವಾದ ಕಾವೇರಿತ್ತು. ಹತ್ತಿ ವ್ಯಾಪಾರ ಬಿಟ್ಟು ಈಗ ಪೇಪರ್ ಓದುವುದನ್ನೇ ವ್ಯಾಪಾರ ಮಾಡಿಕೊಂಡಿದ್ದ ಶಾಂತಯ್ಯ ಬೆಂಚಿನ ಮೇಲೆ ಕೂತು ಕೈ ಬೀಸುತ್ತಿದ್ದರು.

"ಪೇಪರಿನ್ಯಾಗ ನೋಡ್ರಿ, ಕಳ್ಳೊಬ್ಬಾಂವ ಚಾಕು ಹಿಡಕೊಂಡು ಮೈಮ್ಯಾಲೆ ಬಂದನಂತ, ಪೊಲೀಸರು ಕಾಲಿಗೆ ಗುಂಡು ಹಾಕ್ಯಾರ. ಕಾಲಿಗೆ ಯಾಕ ಅಂತೇನಿ ನಾ! ನೆಟ್ಟಗ ಎದಿಗೇ ಹಾಕಬೇಕು."

"ಮನ್ಯಾಗ ಹಲ್ಲಿ ಕಂಡ್ರ ಮಂಚಾ ಏರ್ತಾರ, ಎದಿಗೆ ಗುಂಡು ಹಾಕಾವ್ರು ನೋಡ್ರಿ ಇವರು," ಎಂದಳು ಅವರ ಹೆಂಡತಿ ಬಾಳವ್ವ, ಮಿರ್ಚಿ ಭಜಿಯ ತುದಿ ಮುರಿಯುತ್ತ.

ಗಿರಿಯಪ್ಪ ಉಳ್ಳಾಗಡ್ಡಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಹಂಗಲ್ಲರಿ ಸಾವ್ಕಾರ. ಚಾಕು ಹಿಡಿದಾವ್ರೆಲ್ಲಾ ಕೊಲ್ಲಾಕ ಬಂದಿರ್ತಾರೇನ್ರಿ? ಕುಡದಿರ್ತಾನ, ತಲಿ ಕೆಟ್ಟಿರ್ತೈತಿ. ನಾಕ ಮಂದಿ ಪೊಲೀಸರು ಕೂಡಿ ಕೈಮ್ಯಾಲೆ ಒಂದು ಬಡಿಗಿ ಕೊಟ್ರ ಚಾಕು ತಾನ ಬೀಳ್ತೈತಿ."

"ಬಡಿಗಿ ಎತ್ತೂದ್ರಾಗ ಚಾಕು ಹೊಟ್ಯಾಗ ಇರ್ತದ! ಪಿಸ್ತೂಲು ತಗದ್ರ ಮುಗೀತು."

"ಅದನ್ನ ತಗ್ಯಾಕ ವ್ಯಾಳ್ಯಾ ಬೇಕಲ್ರಿ?"

"ನೀವ ಹೇಳ್ರಿ ಪ್ರಭಾವತಿ, ನಿಮ್ಮ ಮಗಳು ಪೊಲೀಸ್ರಾಗ ಅದಾಳ," ಎಂದು ಶಾಂತಯ್ಯ ತಿರುಗಿದರು.

ಪ್ರಭಾವತಿಯ ಹೊಟ್ಟೆಯೊಳಗಿನ ಎರಡೂ ಅಂಜಿಕೆಗಳು ಒಮ್ಮೆಲೇ ಎದ್ದು ಕುಳಿತವು. "ನನಗೇನು ತಿಳೀತದರಿ ಕಾಕಾ," ಎಂದಳು ಪ್ರಭಾವತಿ.

ಮಾತಿನಲ್ಲಿ ಮುಗಿಯದ್ದನ್ನು ಮಾಡಿ ತೋರಿಸಿಯೇ ಬಿಡುವುದೆಂದು ಶಾಂತಯ್ಯ ಎದ್ದರು. ಅವರು ಪೊಲೀಸ್, ಗಿರಿಯಪ್ಪ ಕಳ್ಳ. ಪಿಸ್ತೂಲಿನ ಬದಲು ಕನ್ನಡಕದ ಡಬ್ಬಿ, ಅದು ನೆಹರು ಶರ್ಟಿನ ಕಿಸೆಯಲ್ಲಿ. ಚಾಕು ಮಾತ್ರ ಅಸಲಿಯೇ. ಗಿರಿಯಪ್ಪ ನಾಲ್ಕು ಹೆಜ್ಜೆ ಓಡಿಬಂದು ಹೊಟ್ಟೆಯ ಮುಂದೆ ಚಾಕು ನಿಲ್ಲಿಸಿದಾಗ ಡಬ್ಬಿ ಇನ್ನೂ ಕಿಸೆಯ ಹೊಲಿಗೆಯಲ್ಲಿ ಸಿಕ್ಕಿಕೊಂಡಿತ್ತು.

"ಸತ್ರಿ," ಎಂದಳು ಬಾಳವ್ವ ಸಮಾಧಾನದಿಂದ.

"ಇದು ಲೆಕ್ಕಕ್ಕಿಲ್ಲ! ಕಿಸೆ ಸಣ್ಣದಾತು. ಇನ್ನೊಮ್ಮೆ ಬಾ, ದೂರಿಂದ ಬಾ!"

ಇದು ಲೆಕ್ಕಕ್ಕೆ ಹೌದೋ ಅಲ್ಲವೋ ಎಂದು ಮತ್ತೆ ಜಗಳ ನಡೆಯಿತು. ಅಷ್ಟರಲ್ಲಿ ಬೈಕಿನ ಮೇಲೆ ಹೋಗುತ್ತಿದ್ದ ಒಬ್ಬ ಯುವಕ ಇತ್ತ ನೋಡಿದವನೇ ಜೋರಾಗಿ ಮುಂದೆ ಹೋಗಿ, ಬೈಕ್ ನಿಲ್ಲಿಸಿ ಫೋನ್ ಕಿವಿಗಿಟ್ಟ. ಬೈಕ್ ಓಡಿಸುತ್ತ ಮಾತಾಡುವವರೇ ತುಂಬಿರುವಾಗ ನಿಲ್ಲಿಸಿ ಮಾತಾಡುತ್ತಾನಲ್ಲ ಎಂದು ಪ್ರಭಾವತಿ ಅವನನ್ನು ಮೆಚ್ಚಿಕೊಂಡಳು. ಅವನು ಪೊಲೀಸರಿಗೇ ಫೋನ್ ಮಾಡುತ್ತಿದ್ದಾನೆಂದು ಅವಳಿಗೆ ಹೇಗೆ ಹೊಳೆಯಬೇಕು!

ಕೊನೆಗೆ ಗಿರಿಯಪ್ಪ ರಸ್ತೆಯ ಆಚೆ ಬದಿಗೆ ಹೋದ. "ಬಾರಲೇ ಮಗನ!" ಎಂದರು ಶಾಂತಯ್ಯ. "ಬಂದೆರಿ ಸಾವ್ಕಾರ!" ಎಂದು ಅವನು ಚಾಕು ಎತ್ತಿಕೊಂಡು ಓಡಿಬರುವುದಕ್ಕೂ, ಅವನ ಬೆನ್ನ ಹಿಂದಿನ ತಿರುವಿನಲ್ಲಿ ಪೊಲೀಸ್ ಜೀಪು ಬಂದು ನಿಲ್ಲುವುದಕ್ಕೂ ಸರಿಹೋಯಿತು.

"ಅಲ್ಲೇ ನಿಲ್ಲು!"

ಪ್ರಭಾವತಿಗೆ ದನಿ ಗೊತ್ತಾಯಿತು. ಜೀಪಿನಿಂದ ಇಳಿದದ್ದು ನೀಲಾ. ತಾಯಿಯ ಕಣ್ಣು ಮಗಳ ಮುಖಕ್ಕೆ ಹೋಗುವ ಮೊದಲು ಬಲಗೈಗೆ ಹೋಯಿತು. ಬೆಳಿಗ್ಗೆ ಊಟದ ಡಬ್ಬಿ ಇಸಿದುಕೊಂಡ ಕೈ, ಸೊಂಟದ ಚೀಲದ ಗುಂಡಿ ಬಿಚ್ಚಿ ಪಿಸ್ತೂಲಿನ ಹಿಡಿಯ ಮೇಲೆ ಕೂತಿತ್ತು.

ಗಿರಿಯಪ್ಪ ಗಕ್ಕನೆ ತಿರುಗಿದ. ಚಾಕು ಎತ್ತಿದ ಕೈ ಎತ್ತಿದಂತೆಯೇ ಇತ್ತು.

"ಚಾಕು ನೆಲಕ್ಕ ಹಾಕು!"

ಅವನು ನೆಲ ನೋಡಿದ. ಗುಟ್ಕಾ ಉಗುಳಿದ ಕೆಂಪು ಕಲೆಗಳು. "ತಿನ್ನೋ ಉಳ್ಳಾಗಡ್ಡಿ ಹೆಚ್ಚೋ ಚಾಕುರಿ... ಇಲ್ಲೆಲ್ಲಾ ಉಗುಳ್ಯಾರ..." ಎಂದು ತೊದಲಿದ.

"ತಾರಲೇ ಇಲ್ಲೆ!" ಎಂದು ಕಾನ್‌ಸ್ಟೆಬಲ್ ಹುಲಗೇಶ ಕೈ ಚಾಚಿ ಮುಂದೆ ಬಂದ.

ಗಿರಿಯಪ್ಪ ಚಟ್ಟನೆ ಚಾಕು ಹಿಂದಕ್ಕೆಳೆದುಕೊಂಡ. "ಕೈಯಾಗ ಕೊಡಂಗಿಲ್ಲರಿ! ಜಗಳಾ ಆಕ್ಕೈತಿ!"

ಆ ಓಣಿಯಲ್ಲಿ ಯಾವ ಮನೆಯಲ್ಲೂ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಒಬ್ಬರು ಒಂದು ಕಡೆ ಇಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು, ಇಲ್ಲದಿದ್ದರೆ ಇಬ್ಬರ ನಡುವೆ ಜಗಳ ಬರುತ್ತದೆಂದು ನಂಬಿಕೆ. ಪ್ರಭಾವತಿಯೂ ಹುಟ್ಟಿದಾಗಿನಿಂದ ಹಾಗೆಯೇ ಮಾಡಿಕೊಂಡು ಬಂದವಳು. ಆದರೆ ಈಗ ನೋಡುವವರಿಗೆ ಕಾಣುವುದೇನು? ಚಾಕು ಕೊಡು ಎಂದರೆ ಕೊಡದೆ ಹಿಂದಕ್ಕೆಳೆದುಕೊಂಡ ಒಬ್ಬ ಗಂಡಸು. ಹುಲಗೇಶ ಲಾಠಿ ಎತ್ತಿದ. ಶಾಂತಯ್ಯ ಕಿಸೆಯಿಂದ ತೆಗೆದಿದ್ದ ಕನ್ನಡಕದ ಡಬ್ಬಿಯನ್ನು ಇನ್ನೂ ಗಿರಿಯಪ್ಪನ ಕಡೆಗೇ ಚಾಚಿಕೊಂಡು ನಿಂತಿದ್ದರು.

"ಮೊದಲ ಆ ಡಬ್ಬಿ ಇಳಸ್ರಿ!" ಎಂದು ಬಾಳವ್ವ ಗಂಡನ ಕೈಗೆ ಹೊಡೆದಳು.

"ನೀಲಾ..." ಎಂದು ಪ್ರಭಾವತಿ ಮುಂದೆ ಹೆಜ್ಜೆ ಇಟ್ಟಳು.

ನೀಲಾ ಅತ್ತ ನೋಡಲಿಲ್ಲ. ಎಡಗೈ ಎತ್ತಿ, "ಯಾರೂ ಮುಂದ ಬರಬ್ಯಾಡ್ರಿ," ಎಂದಳು. ಆ ಯಾರೂ ಎನ್ನುವುದರಲ್ಲಿ ತಾಯಿಯೂ ಇದ್ದಾಳೆಂದು ಪ್ರಭಾವತಿಗೆ ತಿಳಿಯಿತು. ನಿಂತಳು.

ಆಮೇಲೆ ನೀಲಾ ಮಾಡಿದ್ದು, ಹಿಂದೆ ಸರಿದದ್ದು. ಜೀಪಿನ ತೆರೆದ ಬಾಗಿಲು ಅವಳಿಗೂ ಚಾಕುವಿಗೂ ನಡುವೆ ಬರುವವರೆಗೆ ಸರಿದಳು.

"ಹುಲಗೇಶ, ಹಿಂದ ಬರ್ರಿ. ನಾ ಒಬ್ಬಾಕಿನ ಮಾತಾಡ್ತೇನಿ. ಕಾಕಾ, ಕೈಯಾಗ ಕೊಡಬ್ಯಾಡ್ರಿ, ನೆಲಕ್ಕೂ ಇಡಬ್ಯಾಡ್ರಿ. ಉಳ್ಳಾಗಡ್ಡಿ ಎಲ್ಲೆ ಹೆಚ್ತೀರಿ?"

"ಅಲ್ಲೆರಿ... ಗಾಡಿ ಮ್ಯಾಲೆ, ಹಲಗಿ ಐತಿ."

"ಗಾಡಿ ಹತ್ರ ಇದ್ದಾವ್ರು ದೂರ ಸರೀರಿ. ಕಾಕಾ, ಸಾವಕಾಶ ಹೋಗ್ರಿ, ಅಲ್ಲೇ ಇಡ್ರಿ. ನನ್ನ ಕಡೆ ತಿರಗಬ್ಯಾಡ್ರಿ."

ತುಂಬಿದ ಕೊಡ ಹೊತ್ತವನ ಹಾಗೆ ಗಿರಿಯಪ್ಪ ನಡೆದ. ಚಾಕುವನ್ನು ಹಲಗೆಯ ಮೇಲಿಟ್ಟ. ಕೈ ಖಾಲಿಯಾದದ್ದು ತಡೆಯದೆ ಒಂದು ಉಳ್ಳಾಗಡ್ಡಿ ಎತ್ತಿಕೊಂಡ.

"ಅದನ್ನೂ ಬಿಡ್ರಿ ಕಾಕಾ," ಎಂದಳು ನೀಲಾ.

ಆಗ ಶಾಂತಯ್ಯ ಮುಂದೆ ಬಂದರು. ಆಟವಾಡುತ್ತಿದ್ದೆವೆಂದು ಎಲ್ಲವನ್ನೂ ಹೇಳಿ, ಬೈಸಿಕೊಂಡು, ಕೈಮುಗಿದು, ಸ್ವಲ್ಪ ಹೊತ್ತಿಗೇ ಮೊದಲಿನ ಶಾಂತಯ್ಯ ಆದರು. "ಅಲ್ಲವಾ ತಂಗಿ, ಖರೇ ಕಳ್ಳ ಇದ್ದಿದ್ರ ಗುಂಡು ಹಾಕಬೇಕಿತ್ತಿಲ್ಲೋ?"

"ಅವರ ಹಿಂದ ನೀವ ನಿಂತಿದ್ರಿ ಕಾಕಾ. ತಪ್ಪಿದ್ರ ನಿಮಗ ಬಡೀತಿತ್ತು."

"ಎದಿಗೇ!" ಎಂದಳು ಬಾಳವ್ವ. ಗಿರಿಯಪ್ಪ ಕೂಡ ನಕ್ಕ, ಆದರೆ ಗಾಡಿಯ ಕಂಬ ಹಿಡಿದುಕೊಂಡು.

ಪ್ರಭಾವತಿ ಮಗಳನ್ನು ಜೀಪಿನ ಆಚೆ ಕರೆದುಕೊಂಡು ಹೋದಳು. "ಅಂವಾ ನಿನ್ನ ಕಡೆ ಓಡಿ ಬಂದಿದ್ರ?"

ನೀಲಾ ಬೂಟಿನ ತುದಿ ನೋಡಿದಳು. "ಹೊಡೀತಿದ್ದೆ ಅವ್ವಾ. ಹುಲಗೇಶ ಮುಂದ ಇದ್ದ. ಹೊಡದು ಮನಿಗೆ ಹೆಂಗ ಬರ್ತಿದ್ದೆ ಗೊತ್ತಿಲ್ಲ. ದಿನಾ ಮುಂಜಾನೆ ಇದನ್ನ ಕಟ್ಟಿಕೊಳ್ಳುವಾಗ ಅದ ನೆನಪಾಗ್ತದ. ನಿನಗ ಹೇಳಿದ್ರ ಅಂಜ್ತೀ ಅಂತ ಸುಮ್ನಿದ್ದೆ," ಎಂದಳು.

ಪ್ರಭಾವತಿ ಮಗಳ ಕೂದಲು ಸರಿಪಡಿಸುವ ಹಾಗೆ ಕೈ ಚಾಚಿ, ಬಿಚ್ಚಿಕೊಂಡೇ ಇದ್ದ ಪಿಸ್ತೂಲು ಚೀಲದ ಗುಂಡಿ ಹಾಕಲು ಹೋದಳು.

"ಅದನ್ನ ನೀ ಮುಟ್ಟಬಾರದವಾ," ಎಂದು ನೀಲಾ ತಾನೇ ಹಾಕಿಕೊಂಡಳು. ಗುಂಡಿ ಒಂದೇ ಸಲಕ್ಕೆ ಕೂಡಲಿಲ್ಲ.

"ಲಗೂನ ಮನಿಗೆ ಬಾ," ಎಂದಳು ಪ್ರಭಾವತಿ. "ಉಂಡ ಮ್ಯಾಲೆ ಇಬ್ಬರೂ ಕೂಡೇ ಅಂಜೂಣು."