ಪ್ರೇಮಲತಾಳ ಪಾಸ್‌ವರ್ಡ್

ಕೊಂಡ್ಲಹಳ್ಳಿಯ ಜಂಪಣ್ಣ ಮನೆಯ ಕಂಪ್ಯೂಟರಿನಲ್ಲಿ ಶೇಂಗಾ ದರ ಹುಡುಕಲು ಹೋದಾಗ, ಹಿಂದೆ ಯಾರೋ ಹುಡುಕಿದ್ದ 'ಹತ್ತನೇ ತರಗತಿ ಗಣಿತ ಪ್ರಶ್ನೆಪತ್ರಿಕೆ' ಕಣ್ಣಿಗೆ ಬಿತ್ತು. ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿದ್ದವರು ಗಂಡ ಹೆಂಡತಿ ಇಬ್ಬರೇ.

"ಹತ್ತನೇ ಕ್ಲಾಸು ಯಾರು ಓದ್ತಾವ್ರೆ?" ಎಂದು ಹೆಂಡತಿಯನ್ನು ಕೇಳಿದ.

"ನಂಗೇನು ಗೊತ್ತು" ಎಂದು ಪ್ರೇಮಲತಾ ರೊಟ್ಟಿ ತಿರುವಿದಳು.

ನಲವತ್ನಾಲ್ಕನೇ ವಯಸ್ಸಿನಲ್ಲಿ ತಾನು ಪರೀಕ್ಷೆಗೆ ಕಟ್ಟಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಫೇಲಾದರೆ ತನ್ನೊಬ್ಬಳಿಗೇ ಗೊತ್ತಿದ್ದರೆ ಸಾಕು ಎಂದುಕೊಂಡಿದ್ದಳು. ಮರುದಿನವೇ ಚಳ್ಳಕೆರೆಯಿಂದ ತಂಗಿಯ ಮಗಳು ಸೌಂದರ್ಯಳನ್ನು ಕರೆಸಿ, ಹಳೆಯ ಹುಡುಕಾಟವನ್ನೆಲ್ಲ ಅಳಿಸಿ ಹಾಕಿಸಿ, ಕಂಪ್ಯೂಟರಿನಲ್ಲಿ ತನಗೇ ಬೇರೆ ಖಾತೆ ಮಾಡಿಸಿಕೊಂಡಳು.

ಸಂಜೆ ಜಂಪಣ್ಣನಿಗೆ ಪರದೆಯ ಮೇಲೆ ಹೆಂಡತಿಯ ಹೆಸರು ಕಂಡಿತು. ಒತ್ತಿದ. ಪಾಸ್‌ವರ್ಡ್ ಕೇಳಿತು.

"ನಂಗೂ ಹೇಳದಂಥದ್ದು ಇದ್ರಾಗೆ ಏನೈತೆ?"

"ಐತೆ. ಆಮೇಲೆ ಹೇಳ್ತೀನಿ."

ಎರಡು ದಿನ ಅವನು ಸಾರಿಗೆ ಉಪ್ಪು ಹೆಚ್ಚೆಂದೂ ಹೇಳಲಿಲ್ಲ, ಕಡಿಮೆಯೆಂದೂ ಹೇಳಲಿಲ್ಲ. ಮೂರನೆಯ ದಿನ ಪಕ್ಕದಲ್ಲಿ ಬಂದು ಕೂತ.

"ನಂಗೂ ಒಂದು ಪಾಸ್‌ವರ್ಡ್ ಹಾಕ್ಕೊಡು."

"ಮುಚ್ಚಿಡೋಕೆ ನಿಮ್ದೇನೈತ್ರಿ?"

"ಏನೂ ಇಲ್ಲ. ಅದು ನಿಂಗೆ ಗೊತ್ತಾಗಬಾರ್ದು."

ಪ್ರೇಮಲತಾ ನಗದೆ ಹಾಕಿಕೊಟ್ಟಳು.

ಫಲಿತಾಂಶ ಬಂದ ದಿನ ಅವಳೇ ಅವನನ್ನು ಕರೆದು ತನ್ನ ಖಾತೆ ತೆರೆದು ತೋರಿಸಿದಳು. ಜಂಪಣ್ಣ ಅಂಕಪಟ್ಟಿಯನ್ನು ಎರಡು ಸಲ ಓದಿದ. ಆಮೇಲೆ ಅಂಗಳಕ್ಕೆ ಹೋಗಿ ಮಗಳಿಗೆ ಫೋನ್ ಮಾಡಿದ.

"ನಿಮ್ಮವ್ವ ಹತ್ತನೇ ಕ್ಲಾಸು ಪಾಸಾದ್ಲು. ಗಣಿತದಾಗೆ ಮೂವತ್ತೆಂಟು. ನಾನೇನೂ ಹೇಳ್ಕೊಟ್ಟಿಲ್ಲ, ಎಲ್ಲಾ ಅವ್ಳೇ ಬರ್ದಿದ್ದು."