ಗುರುವಾರದ ಆಯ್ಕೆಗಳು

ಕೋಕಂದ್ ಊರಿನ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಒಂದು ಸೌಟು ಕೊಳ್ಳಬೇಕಾದರೂ ಹಿಲೋಲಾ ಏನಂದಳು ಎಂದು ನೋಡಿಕೊಂಡೇ ಪೇಟೆಗೆ ಹೊರಡುತ್ತಿದ್ದರು. ಅವಳೇನು ದೊಡ್ಡ ಮನುಷ್ಯಳಲ್ಲ. ಹತ್ತೊಂಬತ್ತು ವರ್ಷ ಪಾತ್ರೆ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಬಾಣಲೆ ತೂಗಿ ತೋರಿಸುತ್ತಾ ನಿಂತವಳು. ಅಂಗಡಿ ಮುಚ್ಚಿದ ಮೇಲೆ ಸುಮ್ಮನೆ ಕೂರಲಾಗದೆ, ಅದೇ ಮಾತನ್ನು ಫೋನಿನ ಎದುರು ನೇರಪ್ರಸಾರದಲ್ಲಿ ಆಡತೊಡಗಿದಳು. ಪ್ರತಿ ಗುರುವಾರ ಮಧ್ಯಾಹ್ನ ಮೂರು ಆಯ್ಕೆ: ಅಡುಗೆಮನೆಗೆ ಒಂದು ವಸ್ತು, ಕೆಲಸ ಮುಗಿಸಿ ಕಾಲು ಚಾಚಿದಾಗ ನೋಡಲಿಕ್ಕೆ ಒಂದು ಧಾರಾವಾಹಿ, ಯಾರಿಗಾದರೂ ಕೊಡಲಿಕ್ಕೆ ಒಂದು ಉಡುಗೊರೆ. ತನ್ನ ಮನೆಯಲ್ಲಿ ಒಂದು ತಿಂಗಳು ಬಳಸದೆ ಯಾವುದನ್ನೂ ಹೊಗಳುತ್ತಿರಲಿಲ್ಲ.

"ಈ ಚಹಾ ಕುಡಿಕೆ ಇದೆಯಲ್ಲ, ನೋಡೋಕೆ ಮದುಮಗಳು, ಹಿಡಿ ಬಿಸಿಯಾದ್ರೆ ಅತ್ತೆ! ತಗೋಬೇಡಿ ತಾಯಂದಿರಾ," ಎನ್ನುವಳು. ಎದುರಿಗೆ ಫೋನು ಹಿಡಿದು ನಿಂತ ಗಂಡ ಕುದ್ರತ್ ನಗು ತಡೆಯಲಾರದೆ ಅಲುಗಾಡಿದಾಗ ಚಿತ್ರವೂ ಅಲುಗಾಡುವುದು. ಅವನು ಬಾಡಿಗೆ ವ್ಯಾನು ಓಡಿಸುವವನು. ಗುರುವಾರ ಮಾತ್ರ ಊಟದ ನೆಪದಲ್ಲಿ ಮನೆಗೆ ಬಂದು ಈ ಚಾಕರಿ ಮಾಡಿಹೋಗುತ್ತಿದ್ದ.

ಹತ್ತೊಂಬತ್ತು ಸಾವಿರ ಜನ ನೋಡತೊಡಗಿದ ಮೇಲೆ ವ್ಯಾಪಾರಿಗಳು ತಾವಾಗಿಯೇ ಸಾಮಾನು ಕಳಿಸಲು ಶುರು ಮಾಡಿದರು. ಅಂಗಳದಾಚೆಯ ಹಿಂದಿನ ಕೋಣೆ, ಮಗಳು ಮದುವೆಯಾಗಿ ನಮಂಗಾನಿಗೆ ಹೋದ ಮೇಲೆ ಖಾಲಿ ಬಿದ್ದಿದ್ದು, ನೆಲದಿಂದ ಸೂರಿನವರೆಗೆ ಡಬ್ಬಿಗಳಿಂದ ತುಂಬಿಹೋಯಿತು.

ಮಾರ್ಚ್ ಕೊನೆಯಲ್ಲಿ ಅಕ್ಕ ಇನೋಬತ್ ಫೋನು ಮಾಡಿದಳು. ಹನ್ನೊಂದು ವರ್ಷದಿಂದ ದೂರದೇಶದ ಸಮಾರಾದಲ್ಲಿ ರೈಲುಡಬ್ಬಿ ತೊಳೆಯುವ ಕೆಲಸದಲ್ಲಿದ್ದವಳು.

"ಬರ್ತಿದ್ದೀನಿ ಕಣೆ. ಮಂಡಿ ಕೇಳ್ತಿಲ್ಲ. ಈ ಸಲ ವಾಪಸ್ ಹೋಗೋದು ಬೇಡ ಅನ್ಕೊಂಡಿದ್ದೀನಿ."

"ಎಲ್ಲಿಗೂ ಹೋಗ್ಬೇಡ. ನೆಟ್ಟಗೆ ನಮ್ಮನೆಗೆ ಬಾ," ಎಂದಳು ಹಿಲೋಲಾ.

ಇನೋಬತಳಿಗೆ ಹೋಗಲು ಬೇರೆ ಕಡೆಯೂ ಇರಲಿಲ್ಲ. ಇಪ್ಪತ್ತಕ್ಕೆ ಮದುವೆ, ಇಪ್ಪತ್ತಾರಕ್ಕೆ ಗಂಡನ ಮನೆಯಿಂದ ಹೊರಗೆ. ಮಕ್ಕಳಿಲ್ಲ. ಅಪ್ಪ ಅಮ್ಮ ತೀರಿದ ಮೇಲೆ ತವರುಮನೆ ಕಿರಿಯ ತಮ್ಮ ಸೋಬಿರನಿಗೆ ಬಂತು. ಅವನ ನಾಲ್ಕು ಮಕ್ಕಳು ಬೆಳೆಯುತ್ತಿದ್ದ ಹಾಗೆ ಅಕ್ಕನ ಹಾಸಿಗೆ ಒಳಕೋಣೆಯಿಂದ ನಡುಮನೆಗೆ, ನಡುಮನೆಯಿಂದ ಜಗಲಿಗೆ ಸರಿಯಿತು. ಯಾರೂ ಹೋಗು ಅನ್ನಲಿಲ್ಲ. ಅವಳೇ ರೈಲು ಹತ್ತಿದಳು.

ಊರಿಗೆಲ್ಲ ಉಡುಗೊರೆ ಆರಿಸಿಕೊಡುವ ಹಿಲೋಲಾ ತನ್ನ ಅಕ್ಕನಿಗಾಗಿ ಮೂರು ವಾರ ತಲೆ ಕೆಡಿಸಿಕೊಂಡಳು. ಹಿಂದಿನ ಕೋಣೆಯ ಡಬ್ಬಿಗಳನ್ನು ಗೋಡೆಗೆ ಒತ್ತರಿಸಿ ನಡುವೆ ಮಂಚ ಹಾಕಿಸಿದಳು. ಇಷ್ಟು ವರ್ಷ ತಾನು ಹೊಗಳಿದ ವಸ್ತುಗಳಲ್ಲಿ ಅತ್ಯುತ್ತಮವಾದ ಇಪ್ಪತ್ತೆರಡನ್ನು ಆರಿಸಿ ಒಂದೊಂದಕ್ಕೂ ರಿಬ್ಬನ್ ಕಟ್ಟಿದಳು. ಹತ್ತಿ ತುಂಬಿದ ಅತ್ಲಾಸ್ ರೇಷ್ಮೆಯ ಕೌದಿ, ಮೈ ಒರೆಸುವ ದಪ್ಪ ಟವೆಲು, ಹಾಸಿಗೆ ಪಕ್ಕದ ದೀಪ, ಕಾಲು ಬೆಚ್ಚಗಿಡುವ ಚೀಲ, ನೀಲಿ ಬಂಗಾರದ ಅಂಚಿನ ಚಹಾ ಬಟ್ಟಲುಗಳು. ಆ ಬಟ್ಟಲುಗಳ ಬಗ್ಗೆ ಅವಳಿಗೆ ವಿಶೇಷ ಹೆಮ್ಮೆ.

ಇನೋಬತ್ ಒಂದೇ ಪೆಟ್ಟಿಗೆ ಹಿಡಿದು ಇಳಿದಳು. ಬಿಸಿ ರೊಟ್ಟಿ ಮುರಿದು, ಮೂಸಿ, ಕಣ್ಣೊರೆಸಿಕೊಂಡು ತಿಂದಳು. ಆಮೇಲೆ ಕೋಣೆಗೆ ಕರೆದೊಯ್ದು ರಿಬ್ಬನ್ ಬಿಚ್ಚಿಸಿದರೆ ಅವಳು ನಗತೊಡಗಿದಳು.

"ಇದು ನನ್ನ ಹತ್ರ ಇದೆ ಕಣೆ. ಈ ದೀಪಾನೂ ಇದೆ. ಕೌದಿಗಂತೂ ಜಗಳವೇ ಆಗಿತ್ತು."

"ಎಲ್ಲಿದೆ? ಒಂದು ಪೆಟ್ಟಿಗೇಲಿ?"

ಇನೋಬತ್ ಮಂಚದ ತುದಿಗೆ ಕೂತು ಹೇಳಿದಳು. ಸಮಾರಾದ ಹಾಸ್ಟೆಲಿನ ಒಂದು ಕೋಣೆಯಲ್ಲಿ ಏಳು ಜನ ಹೆಂಗಸರು. ಗುರುವಾರ ಒಂದೇ ಫೋನಿಗೆ ಏಳು ತಲೆ ಒಡ್ಡಿ ಹಿಲೋಲಾಳನ್ನು ನೋಡುವುದು. ನೋಡಿ ಮುಗಿದ ಮೇಲೆ ಒಬ್ಬೊಬ್ಬಳೂ ಅದುವರೆಗೆ ತೋರಿಸಿದ್ದರಲ್ಲಿ ಒಂದು ವಸ್ತುವನ್ನು ತನ್ನ ಮನಸ್ಸಿನ ಮನೆಗೆ ತೆಗೆದುಕೊಳ್ಳಬಹುದು, ಒಂದೇ. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಹೇಳುವಂತಿಲ್ಲ. ನುಕುಸ್ ಊರಿನ ಉಲ್ಜೋನ್ ಎಂಬಾಕೆ ಮೂರು ಮಹಡಿ ಮನೆ ಕಟ್ಟಿಕೊಂಡಿದ್ದಳಂತೆ.

"ಬಚ್ಚಲೇ ಇಲ್ಲ ಅದಕ್ಕೆ! ಯಾಕಂದ್ರೆ ನೀನು ಬಚ್ಚಲ ಸಾಮಾನು ತೋರಿಸಿದ್ದೇ ಇಲ್ಲ. 'ನಿನ್ನ ತಂಗಿಗೆ ಹೇಳೇ, ನಾನೆಷ್ಟು ವರ್ಷ ಸ್ನಾನ ಇಲ್ದೆ ಇರ್ಲಿ' ಅಂತ ದಿನಾ ಬೈಯೋಳು."

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಕ್ಕು ಸುಸ್ತಾದ ಮೇಲೆ ಇನೋಬತ್ ಒಂದೊಂದೇ ವಸ್ತುವನ್ನು ತಿರುಗಿ ಅದರದರ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಮಿಕ್ಕ ಡಬ್ಬಿಗಳ ಸಾಲಿಗೆ ಸೇರಿಸಿದಳು. "ಚೆನ್ನಾಗಿವೆ, ತುಂಬಾ ಚೆನ್ನಾಗಿವೆ," ಎಂದಳು.

ಅಲ್ಲಿಂದ ಹಿಲೋಲಾಳಿಗೆ ಒಂದು ಮುಳ್ಳು ಚುಚ್ಚತೊಡಗಿತು. ಅಕ್ಕ ಪೆಟ್ಟಿಗೆಯನ್ನು ಬರಿದು ಮಾಡಲೇ ಇಲ್ಲ. ಬೆಳಗ್ಗೆ ಒಂದು ಅಂಗಿ ತೆಗೆದು ತೊಡುವಳು. ಒಗೆದು, ಒಣಗಿಸಿ, ಮಡಚಿ ಮತ್ತೆ ಅಲ್ಲೇ ಇಡುವಳು. ಸೋಪು, ಹಲ್ಲುಜ್ಜುವ ಬ್ರಷ್ ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಅದನ್ನು ನಲ್ಲಿಗೆ ತೆಗೆದುಕೊಂಡು ಹೋಗುವಳು, ನೀರು ಒರೆಸಿ ವಾಪಸ್ಸು ತರುವಳು. ಊಟವಾದ ಕೂಡಲೇ ಎಲ್ಲರ ತಟ್ಟೆ ತೊಳೆಯುವಳು. ಹೀಗೆ ಹನ್ನೆರಡು ದಿನ.

"ಅವಳು ಹೊರಟುಹೋಗ್ತಾಳೆ. ನಂಗೊತ್ತು," ಎಂದಳು ಹಿಲೋಲಾ ಗಂಡನಿಗೆ.

"ಬಾಯಿ ಬಿಟ್ಟು ಕೇಳು."

"'ಹೋಗ್ತೀಯಾ' ಅಂತ ಕೇಳಿದ್ರೆ 'ಹೋಗು' ಅಂದ ಹಾಗೆ ಕೇಳ್ಸಲ್ವಾ?"

ಕುದ್ರತ್ ಕತ್ತು ಕೆರೆದುಕೊಂಡ. "ನಿಮ್ಮಕ್ಕ ತಂಗಿ ಲೆಕ್ಕ ನನ್ನ ತಲೆಗೆ ಹತ್ತಲ್ಲಪ್ಪ."

ಏನೋ ಕಡಿಮೆಯಾಗಿದೆ ಎಂದುಕೊಂಡ ಹಿಲೋಲಾ ಒಂದು ಪುಟ್ಟ ಟೀವಿ ತಂದಳು. ಧಾರಾವಾಹಿಯಾದರೂ ನೋಡಲಿ. "ಎಲ್ಲಿಡೋದು ಇದನ್ನ?" ಎಂದು ಅಕ್ಕ ಕೇಳಿದಾಗ, ಎರಡು ಡಬ್ಬಿಗಳನ್ನು ಇನ್ನೆರಡರ ಮೇಲೇರಿಸಿ ಟೀವಿ ಕೂರಿಸಿದಳು. ಹೋಗುವಾಗ, "ಹಾಂ, ಆ ಬಿಳಿ ಡಬ್ಬಿ ಸ್ವಲ್ಪ ಕೊಡಕ್ಕಾ, ನಾಳೆ ತೋರಿಸ್ಬೇಕು," ಎಂದು ಅವಳ ಮಂಚದ ಮೇಲಿಂದಲೇ ಕೈ ಚಾಚಿ ಎತ್ತಿಕೊಂಡು ಹೋದಳು. ದಿನಕ್ಕೆ ನಾಲ್ಕು ಸಲ ಹೀಗೆ ಹೋಗಿಬರುತ್ತಿದ್ದಳು. ಅದು ಅವಳಿಗೆ ಅಭ್ಯಾಸವಾಗಿತ್ತು, ಹೊಸತಾಗಿ ಕಾಣಿಸಲಿಲ್ಲ.

ಮಾರನೆಯ ದಿನ, ಗುರುವಾರ, ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಯೋಚನೆ ಬಂತು. ಬೇಡ ಬೇಡ ಅಂದವಳು ಕೊನೆಗೆ ಒಪ್ಪಿದಳು. ದ್ರಾಕ್ಷಿ ಚಪ್ಪರದಡಿ ಇಬ್ಬರೂ ಚಹಾ ಹಿಡಿದು ಕೂತರು. ಹಾಸ್ಟೆಲಿನಲ್ಲಿ ನಿಜವಾಗಿ ಉಪಯೋಗಕ್ಕೆ ಬಂದ ವಸ್ತುಗಳನ್ನು ಹೇಳು ಎಂದು ಹಿಲೋಲಾ ಕೇಳಿದಳು.

"ಹಳೇ ದುಪ್ಪಟಿ," ಎಂದಳು ಇನೋಬತ್. "ಹೊಲಿದು ಮಂಚದ ಸುತ್ತ ಪರದೆ ಮಾಡ್ಕೊಳ್ಳೋದು. ಅದರೊಳಗೆ ಹೋದ್ರೆ ಯಾರೂ ಮಾತಾಡಿಸಲ್ಲ, ಅದು ಕೋಣೆಯ ಕಾನೂನು. ಆಮೇಲೆ ಕೆಂಪು ದಾರ ಸುತ್ತಿದ ಚಮಚ. ಏಳು ಚಮಚದಲ್ಲಿ ನನ್ನದು ಯಾವುದು ಅಂತ ಗೊತ್ತಾಗ್ಬೇಕಲ್ಲ. ಧಾರಾವಾಹಿ ಅಂದ್ರೆ, ನಾನೂ ಉಲ್ಜೋನೂ ಒಂದೇ ಇಯರ್‌ಫೋನು ಒಂದೊಂದು ಕಿವಿಗೆ ಹಾಕ್ಕೊಂಡು ನೋಡ್ತಿದ್ವಿ. ಅವಳು ಅತ್ತು ಅತ್ತು ನನ್ನ ಕಿವೀದು ಕಿತ್ತುಬರೋದು. ಹಂಗಾಗಿ ಯಾವ ಕಥೇದೂ ಕೊನೆ ನಂಗೊತ್ತಿಲ್ಲ."

ಸಂದೇಶಗಳು ಸುರಿಯತೊಡಗಿದವು. ಸಮಾರಾ, ಕಜಾನ್, ಇರ್ಕುತ್ಸ್ಕ್, ಹೀಗೆ ದುಡಿಯಲು ಹೋದವರಿರುವ ಊರುಗಳಿಂದೆಲ್ಲ. 'ನಂದು ಹಸಿರು ದಾರ', 'ನಾನೂ ಪರದೆಯೊಳಗಿಂದ ನೋಡ್ತಿದ್ದೀನಿ'. ಹಿಲೋಲಾ ಓದುತ್ತಾ ಓದುತ್ತಾ ತಬ್ಬಿಬ್ಬಾದಳು. ಮನೆ ಇರುವವರಿಗಾಗಿ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದಳು ಇಷ್ಟು ದಿನ.

ನಡುವೆ ರಿಶ್ತಾನಿನ ಒಬ್ಬ ಹುಡುಗಿ ಕೇಳಿದಳು: 'ನಮ್ಮಮ್ಮ ಒಂಬತ್ತು ವರ್ಷ ಆದ್ಮೇಲೆ ಊರಿಗೆ ಬರ್ತಿದ್ದಾರೆ. ಏನು ಉಡುಗೊರೆ ಕೊಡ್ಲಿ?'

ಹಿಲೋಲಾ ಬಾಯಿ ತೆರೆಯುವುದರೊಳಗೆ ಇನೋಬತ್ ಹೇಳಿಬಿಟ್ಟಳು.

"ಏನೂ ಕೊಡ್ಬೇಡ ಮಗಳೇ. ಗೋಡೇಲಿ ಒಂದು ಗೂಡು ಖಾಲಿ ಮಾಡು. ಒಳಗಿರೋದನ್ನೆಲ್ಲ ತೆಗೆದು, ಒರೆಸಿ, ಬಿಟ್ಟುಬಿಡು. ನೀನು ಏನೇ ತಂದುಕೊಟ್ರೂ ಎಲ್ಲಿಡ್ಲಿ ಅಂತ ಅವರು ನಿನ್ನನ್ನೇ ಕೇಳ್ಬೇಕು. ಅದೇ ಕಷ್ಟ. ಕೊಟ್ಟ ಕೋಣೇಲಿ ನಿನ್ನ ಸಾಮಾನಿದ್ರೆ ಅದು ನಿನ್ನ ಕೋಣೆನೇ. ಅವರು ಅಲ್ಲಿ ಮಲಗ್ತಾರೆ ಅಷ್ಟೇ."

ಫೋನು ಹಿಡಿದಿದ್ದ ಕುದ್ರತನ ಕೈ ತಾನಾಗಿ ಇಳಿದು, ನೋಡುವವರಿಗೆಲ್ಲ ಒಂದಿಷ್ಟು ಹೊತ್ತು ಅವನ ಚಪ್ಪಲಿ ಕಂಡಿತು. ಇನೋಬತಳ ಮುಖ ಕೆಂಪೇರಿತು.

"ನಿನಗೆ ಹೇಳಿದ್ದಲ್ಲ ಕಣೆ..."

ಹಿಲೋಲಾ ಹೇಗೋ ನಕ್ಕು, ಮುಂದಿನ ವಾರ ಸಿಗೋಣ ಎಂದು ಮುಗಿಸಿದಳು. ಅಡುಗೆಮನೆಗೆ ಹೋಗಿ ತೊಳೆದಿಟ್ಟ ಬಟ್ಟಲುಗಳನ್ನೇ ಮತ್ತೆ ತೊಳೆಯತೊಡಗಿದಳು. ಮೊದಲು ಬಂದದ್ದು ಸಿಟ್ಟು. ಮೂರು ವಾರ ಕೂತು ರಿಬ್ಬನ್ ಕಟ್ಟಿದೆನಲ್ಲ! ಊರೆಲ್ಲ ನೋಡುತ್ತಿರುವಾಗಲೇ ಹೇಳಬೇಕಿತ್ತೇ? ತೊಳೆಯುತ್ತಾ ತೊಳೆಯುತ್ತಾ ಸಿಟ್ಟು ಇಳಿದುಹೋಯಿತು. ಮಂಚದ ಮೇಲಿಂದ ಕೈ ಚಾಚಿ ಬಿಳಿ ಡಬ್ಬಿ ಎತ್ತಿಕೊಂಡದ್ದು ಕಣ್ಣಿಗೆ ಕಟ್ಟಿತು. ಆಗ ಅಕ್ಕ ಕಾಲು ಮಡಚಿ ಗೋಡೆಗೆ ಸರಿದು ಜಾಗ ಬಿಟ್ಟಿದ್ದಳು. ರೈಲಿನಲ್ಲಿ ಅಪರಿಚಿತರಿಗೆ ಬಿಡುವ ಹಾಗೆ.

ಇನೋಬತ್ ಬಾಗಿಲಲ್ಲಿ ಬಂದು ನಿಂತಳು.

"ನಿನ್ನ ಮನೇಲಿ ಸುಖವಾಗೇ ಇದ್ದೀನಿ. ಸುಳ್ಳಲ್ಲ. ಆದ್ರೆ ನೆಂಟಳ ಸುಖ."

"ಹನ್ನೆರಡು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ? 'ಈ ಡಬ್ಬಿ ತೆಗಿಯೇ' ಅಂತ ಒಂದು ಮಾತು ಹೇಳಬಾರದಿತ್ತಾ?"

"ಅಪ್ಪನ ಮನೇಲಿ ಕೇಳ್ದೆ. ಗಂಡನ ಮನೇಲಿ ಕೇಳ್ದೆ. ಸೋಬಿರ್ ಹತ್ರಾನೂ ಕೇಳ್ದೆ. ಕೇಳಿ ತಗೊಂಡ ಜಾಗ ಎಷ್ಟು ದಿನ ಉಳಿಯುತ್ತೆ ಅಂತ ನೋಡಾಯ್ತು ಹಿಲೋಲಾ. ಇನ್ನೊಂದು ಸಲ ಕೇಳೋಕೆ ನಾಲಿಗೆ ಏಳಲಿಲ್ಲ."

ಹಿಲೋಲಾ ಒದ್ದೆ ಕೈಯಲ್ಲೇ ಅಕ್ಕನ ತೋಳು ಹಿಡಿದುಕೊಂಡಳು.

ಮರುದಿನ ಬೆಳಗ್ಗೆಯೇ ಕೋಣೆ ಖಾಲಿ ಮಾಡತೊಡಗಿದರು. ಸುಲಭವಾಗಲಿಲ್ಲ. ಒಂದೊಂದು ಡಬ್ಬಿ ಹೊರಬಂದಾಗಲೂ ಹಿಲೋಲಾಳ ಜೀವ ಎಳೆಯುತ್ತಿತ್ತು. "ಇದು ಇರಲಿ, ಇದಕ್ಕೆ ಜಾಗವೇನು ಬೇಕು, ಅಂಗೈಯಷ್ಟಿದೆ," ಎನ್ನುವಳು. ಕುದ್ರತ್ ಅದನ್ನೂ ವ್ಯಾನಿಗೆ ಹಾಕುವನು. ಮೂರು ಸಲ ಹೋಗಿಬಂದ, ಎರಡು ಸಲ ಶಿಶುವಿಹಾರಕ್ಕೆ, ಒಂದು ಸಲ ಹೆರಿಗೆ ವಾರ್ಡಿಗೆ ಕೊಟ್ಟುಬರಲು. ಪಕ್ಕದ ಮನೆಯ ಮಸ್ತೂರಾ, "ಅಯ್ಯೋ ಪಾಪ, ನಿಮ್ಮ ಭಾರ ಇಳಿಸೋಕೆ ಬಂದೆ ಅಷ್ಟೇ," ಎನ್ನುತ್ತಾ ನಾಲ್ಕು ಬಾಣಲೆ, ಒಂದು ಇಸ್ತ್ರಿಪೆಟ್ಟಿಗೆ ಹೊತ್ತುಕೊಂಡು ಹೋದಳು.

ಮಧ್ಯಾಹ್ನದ ಹೊತ್ತಿಗೆ ಗೋಡೆ ಕಂಡಿತು. ಎಷ್ಟೋ ವರ್ಷದಿಂದ ಮರೆಯಾಗಿದ್ದ ನಾಲ್ಕು ಗೂಡುಗಳು, ಅವುಗಳ ಸುಣ್ಣದ ಮೇಲೆ ಮಗಳು ಚಿಕ್ಕಂದಿನಲ್ಲಿ ಗೀಚಿದ ಬೆಕ್ಕು.

"ಬೆಕ್ಕಿನ ಮೇಲೆ ಸುಣ್ಣ ಹೊಡೆಸ್ತೀನಿ," ಎಂದಳು ಹಿಲೋಲಾ.

"ಬೇಡ, ಅದು ಇರಲಿ."

"ಉಡುಗೊರೆಗಳಲ್ಲಿ ಯಾವುದು ಇಡಲಿ?"

"ಈಗೇನೂ ಬೇಡ. ಬೇಕಾದಾಗ ಕೇಳ್ತೀನಿ."

ಉಡುಗೊರೆಗಳೂ ಟೀವಿಯೂ ನಡುಮನೆಗೆ ಹೋದವು, ಮೂರು ದಿನ ಆ ಕೋಣೆಯಲ್ಲಿ ಮಂಚ, ಪೆಟ್ಟಿಗೆ ಬಿಟ್ಟರೆ ಬೇರೇನೂ ಇರಲಿಲ್ಲ. ಹಿಲೋಲಾಳಿಗೆ ಅದನ್ನು ನೋಡಿದರೆ ಕೈ ತುರಿಸುತ್ತಿತ್ತು. ನಾಲ್ಕನೆಯ ದಿನ ನಲ್ಲಿಯ ಹತ್ತಿರ ಕನ್ನಡಿಯ ಕೆಳಗೆ ಅಕ್ಕನ ಹಲ್ಲುಜ್ಜುವ ಬ್ರಷ್ ಕಂಡಿತು, ಕುದ್ರತನ ಬ್ರಷ್ಷಿನ ಪಕ್ಕದಲ್ಲಿ, ಲೋಟಕ್ಕೆ ಒರಗಿ. ಹಿಲೋಲಾ ಅದನ್ನು ನೋಡಿಯೂ ನೋಡದವಳಂತೆ ಮುಖ ತೊಳೆದು ಬಂದಳು. ಅದೇ ಸಂಜೆ ಅಕ್ಕ ಕೌದಿ, ಟವೆಲು, ದೀಪ, ಇಷ್ಟನ್ನು ಕೇಳಿ ತೆಗೆದುಕೊಂಡಳು.

"ಚಹಾ ಬಟ್ಟಲು?"

"ಬೇಡ ಕಣೆ. ಅಂಚಿನ ಬಂಗಾರ ಜಾಸ್ತಿಯಾಯ್ತು."

ಇದು ಹಿಲೋಲಾಳಿಗೆ ಚೆನ್ನಾಗಿಯೇ ನಾಟಿತು. ಎರಡು ದಿನ ಬಿಗುಮಾನದಿಂದಲೇ ಓಡಾಡಿದಳು.

ಬೇಸಿಗೆ ಬಂತು. ಇನೋಬತ್ ಶಿಶುವಿಹಾರದ ಅಡುಗೆಮನೆಗೆ ಕೆಲಸಕ್ಕೆ ಸೇರಿದಳು. ಕೂತು ತರಕಾರಿ ಹೆಚ್ಚುವ ಕೆಲಸ, ಮಂಡಿಗೆ ಒಗ್ಗಿತು. ಹಿಲೋಲಾ ವ್ಯಾಪಾರಿಗಳ ಡಬ್ಬಿಗಳನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸತೊಡಗಿದಳು. ಯಾರಾದರೂ ಇಂಥದ್ದು ಕೊಳ್ಳಲೇ ಎಂದು ಕೇಳಿದರೆ, "ಎಲ್ಲಿಡ್ತೀರಿ, ಯಾರು ಒರೆಸ್ತಾರೆ?" ಎಂದು ತಿರುಗಿ ಕೇಳುವಳು. ಈ ಹೊಸ ವರಸೆ ಹಿಡಿಸದೆ ಕೆಲವರು ಬಿಟ್ಟುಹೋದರು. ಹಾಸ್ಟೆಲುಗಳಿಂದ ನೋಡುವವರು ಮಾತ್ರ ಹೆಚ್ಚಿದರು. ಉಲ್ಜೋನ್ ಕೂಡ ಒಂದು ದಿನ ಸಂದೇಶ ಕಳಿಸಿ, 'ನನ್ನ ಬಚ್ಚಲೇನಾಯ್ತು?' ಎಂದು ಕೇಳಿದಳು. ಮುಂದಿನ ಗುರುವಾರ ಪೂರ್ತಿ ಬಚ್ಚಲಿಗೇ ಮೀಸಲಾಯಿತು.

ಜೂನಿನ ಒಂದು ಭಾನುವಾರ ಇನೋಬತ್ ಪೇಟೆಯಿಂದ ದೊಡ್ಡದೊಂದು ಗಂಟು ತಂದಳು. ತನ್ನ ದುಡಿಮೆಯಲ್ಲಿ ತನಗೆಂದೇ ಕೊಂಡ ಮೊದಲ ವಸ್ತು. ಬಿಚ್ಚಿದರೆ ಪ್ಲಾಸ್ಟಿಕ್ಕಿನ ನವಿಲು. ಬಾಲದ ತುಂಬ ಪುಟ್ಟ ಪುಟ್ಟ ದೀಪ. ಗುಂಡಿ ಒತ್ತಿದರೆ ಹಸಿರು, ನೇರಳೆ, ಮತ್ತೆ ಹಸಿರು.

ಹಿಲೋಲಾ ಅದನ್ನು ತಿರುಗಿಸಿ, ಕೈಯಲ್ಲಿ ತೂಗಿ ನೋಡಿದಳು.

"ಅಕ್ಕಾ, ಬೇಜಾರು ಮಾಡ್ಕೋಬೇಡ. ಇಷ್ಟು ಕೆಟ್ಟ ಸಾಮಾನು ನಾನು ಅಂಗಡೀಲಿ ಇದ್ದಷ್ಟು ವರ್ಷದಲ್ಲೂ ನೋಡಿಲ್ಲ."

"ನಿನಗೆ ತಂದಿದ್ದಲ್ಲವಲ್ಲ," ಎಂದಳು ಇನೋಬತ್ ನಿಶ್ಚಿಂತೆಯಿಂದ, ಮತ್ತು ಅದನ್ನು ನಡುವಿನ ಒಂದು ಗೂಡಿನಲ್ಲಿ ಕೂರಿಸಿ, ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದಳು.

ಅಷ್ಟರಲ್ಲಿ ಮೊಸರು ಕೇಳಲು ಬಂದ ಮಸ್ತೂರಾ ಬಾಗಿಲಲ್ಲೇ ನಿಂತುಬಿಟ್ಟಳು. "ಅಮ್ಮಮ್ಮಾ, ಎಷ್ಟು ಚೆನ್ನಾಗಿದೆ! ಎಲ್ಲಿ ಸಿಕ್ತು ಇನೋಬತಕ್ಕ?"

ಇನೋಬತ್ ತಂಗಿಯ ಮುಖವನ್ನು ಒಂದು ಸಲ ನೋಡಿ, ಮಸ್ತೂರಾಳನ್ನು ಒಳಗೆ ಕರೆದು ತನ್ನ ಮಂಚದ ಮೇಲೆ ಕೂರಿಸಿ, ಪೇಟೆಯ ಯಾವ ಸಾಲಿನಲ್ಲಿ ಎಷ್ಟನೆಯ ಅಂಗಡಿ ಎಂದು ವಿವರವಾಗಿ ಹೇಳತೊಡಗಿದಳು.